ಲೀ ಶಿಯಾಂಗ್‌ಲಾನ್ ಹಾಡು ಇಷ್ಟ, ಆದರೆ ಮನಸ್ಸು ಒಪ್ಪುತ್ತಿಲ್ಲ. ನೀವು ಹೇಗೆ ನೋಡುತ್ತೀರಿ?

ರಾತ್ರಿರಾಗ:
ಹಳೇ ಶಾಂಘೈ ಹಾಡುಗಳನ್ನು ಕೇಳುತ್ತಾ ಹೋದಾಗ 1944ರ 'ಯೇ ಲಾಯ್ ಶಿಯಾಂಗ್' ಸಿಕ್ಕಿತು. ಎಂಥ ದನಿ! ಒಪೆರಾ ಕಲಿತ ಗಂಟಲು, ಆದರೂ ಹಾಡು ಎಲ್ಲೂ ಭಾರ ಅನ್ನಿಸುವುದಿಲ್ಲ. ಹಾಡಿದವರು ಯಾರು ಅಂತ ಓದಿದರೆ, ಲೀ ಶಿಯಾಂಗ್‌ಲಾನ್ ಅನ್ನುವ ಚೀನೀ ನಟಿ ಇರಲೇ ಇಲ್ಲ. ಅವರು ಯಮಾಗುಚಿ ಯೋಷಿಕೊ, ಅಪ್ಪ ಅಮ್ಮ ಇಬ್ಬರೂ ಜಪಾನಿನವರು.

1940ರಲ್ಲಿ ಜಪಾನಿನ ನಟ ಹಸೆಗಾವಾ ಕಝುವೊ ಜೊತೆ ಮಾಡಿದ ಒಂದು ಸಿನಿಮಾದಲ್ಲಿ, ಶಾಂಘೈಯ ಅನಾಥ ಚೀನೀ ಹುಡುಗಿ ಇವರು. ಜಪಾನಿನ ಹಡಗಿನ ಅಧಿಕಾರಿ ಕೆನ್ನೆಗೆ ಬಾರಿಸುತ್ತಾನೆ, ಅವಳು ಅವನನ್ನೇ ಪ್ರೀತಿಸುತ್ತಾಳೆ. ನಾನ್‌ಜಿಂಗ್ ಹತ್ಯಾಕಾಂಡ, ಅಂದರೆ ಜಪಾನಿನ ಸೇನೆ ಚೀನಾದ ಆ ನಗರದ ಜನರನ್ನು ಕೊಂದದ್ದು, ಆಗಿ ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಇದನ್ನು ಚೀನಾದ ಜನರಿಗೇ ತೋರಿಸಿದ್ದಾರೆ! ಯಮಾಗುಚಿ ಅವರಿಗೆ ತಾವು ಮಾಡುತ್ತಿರುವುದು ಏನು ಅಂತ ಗೊತ್ತಿರಲಿಲ್ವಾ? ಯುದ್ಧ ಮುಗಿದ ಮೇಲೆ ಹಾಲಿವುಡ್‌ಗೆ ಹೋಗಿ, ಆಮೇಲೆ ಜಪಾನಿನ ಸಂಸತ್ತಿಗೂ ಹೋದರಂತೆ. ಅದು ಹೇಗೆ ಸಾಧ್ಯವಾಯಿತು?

ಏಷ್ಯಾಸಿನಿಮಾ:
ಮೊದಲು ಹುಟ್ಟಿದ ಊರು ನೋಡಿ. 1920ರಲ್ಲಿ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದಲ್ಲಿ ಹುಟ್ಟಿ, ಗಣಿ ಪಟ್ಟಣ ಫುಷುನ್‌ನಲ್ಲಿ ಬೆಳೆದವರು. ಅಪ್ಪ ಜಪಾನಿನ ದಕ್ಷಿಣ ಮಂಚೂರಿಯಾ ರೈಲ್ವೆಯವರಿಗೆ ಚೀನೀ ಭಾಷೆ ಕಲಿಸುತ್ತಿದ್ದರು. ಹಾಗಾಗಿ ಮಗಳಿಗೆ ಎರಡೂ ಭಾಷೆ ಮನೆಮಾತಿನ ಹಾಗೆ ಬರುತ್ತಿತ್ತು. ಅಪ್ಪನ ಸ್ನೇಹಿತ, ಲೀ ಅನ್ನುವ ಸೇನಾಧಿಕಾರಿ, ಅಲ್ಲಿನ ಪದ್ಧತಿಯಂತೆ ಇವರನ್ನು ಮಗಳು ಅಂತ ಸ್ವೀಕರಿಸಿ ಲೀ ಶಿಯಾಂಗ್‌ಲಾನ್ ಅಂತ ಹೆಸರಿಟ್ಟರು. ಅಂದರೆ ಈ ಹೆಸರು ಸಿನಿಮಾದವರು ಮೋಸಕ್ಕೆ ಅಂತ ಹೊಸದಾಗಿ ಹುಟ್ಟಿಸಿದ್ದಲ್ಲ, ಮೊದಲೇ ಇದ್ದದ್ದನ್ನು ಅವರು ಬಳಸಿಕೊಂಡರು.

ಎದೆಯ ಕಾಯಿಲೆ ಬಂದಾಗ ಉಸಿರಾಟಕ್ಕೆ ಒಳ್ಳೆಯದು ಅಂತ ಹಾಡು ಕಲಿಯಲು ಹೋದರು. ಕಲಿಸಿದ್ದು ರಷ್ಯಾದ ಒಪೆರಾ ಗಾಯಕಿ. ನೀವು ಹೇಳಿದ ಆ ದನಿ ಬಂದಿದ್ದು ಅಲ್ಲಿಂದ. ಮಂಚೂರಿಯಾದ ಮುಕ್ಡೆನ್ ನಗರದ ರೇಡಿಯೋದವರು ಜಪಾನೀಸ್ ಗೊತ್ತಿರುವ ಚೀನೀ ಹುಡುಗಿಯನ್ನು ಹುಡುಕುತ್ತಿದ್ದರು, ಸಿಗಲಿಲ್ಲ, ಹದಿಮೂರರ ಇವರನ್ನೇ ಚೀನೀ ಹೆಸರಲ್ಲಿ ಹಾಡಿಸಿದರು. ಹದಿನೆಂಟಕ್ಕೆ ಜಪಾನಿನವರ ಹಿಡಿತದಲ್ಲಿದ್ದ ಮಂಚೂರಿಯಾದ ಸಿನಿಮಾ ಕಂಪನಿ ಸೇರಿಸಿಕೊಂಡಿತು. ಆ ವಯಸ್ಸಿನ ಹುಡುಗಿ ಎಷ್ಟು ಅಂತ ಎದುರು ಮಾತಾಡಲು ಸಾಧ್ಯ ಹೇಳಿ.

ಮಂಜುಳಾ_ಕೆ:
ಹದಿನೆಂಟು ಸರಿ ಸರ್, ಆದರೆ ಅಲ್ಲಿಗೇ ನಿಲ್ಲಲಿಲ್ಲವಲ್ಲ. 1941ರ ಫೆಬ್ರವರಿಯಲ್ಲಿ ಟೋಕಿಯೋದ ನಿಚಿಗೆಕಿ ಥಿಯೇಟರ್‌ನಲ್ಲಿ ಹಾಡಿದಾಗ ಜನ ಕಟ್ಟಡವನ್ನು ಏಳು ಸುತ್ತು ಸುತ್ತುವರಿದಿದ್ದರು ಅನ್ನುವ ಮಾತು ಇವತ್ತಿಗೂ ಇದೆ. ಜಪಾನನ್ನು ಮೆಚ್ಚುವ ಚೀನೀ ಸುಂದರಿ ಬೇಕಿತ್ತು ಆ ಸರ್ಕಾರಕ್ಕೆ, ಇವರು ಅದಾಗಿ ನಿಂತರು. ಬೀಜಿಂಗ್‌ನಲ್ಲಿ ಒಬ್ಬ ಪತ್ರಕರ್ತ ನೇರವಾಗಿ ಕೇಳಿದ್ದ, ಚೀನೀಯರಾಗಿ ಆ ಸಿನಿಮಾದಲ್ಲಿ ಯಾಕೆ ನಟಿಸಿದಿರಿ ಅಂತ. ಅಲ್ಲಿ ಕ್ಷಮೆ ಕೇಳಿದರು, ಆದರೆ ನಾನು ಜಪಾನಿನವಳು ಅಂತ ಮಾತ್ರ ಹೇಳಲಿಲ್ಲ. ನನಗೆ ಕೆನ್ನೆಗೆ ಹೊಡೆದ ದೃಶ್ಯಕ್ಕಿಂತ ಈ ಮೌನವೇ ಜಾಸ್ತಿ ನೋವು ಕೊಡುತ್ತದೆ, ಯಾಕೆಂದರೆ ಆ ದೃಶ್ಯವನ್ನು ಬೇರೆಯವರು ಬರೆದುಕೊಟ್ಟಿದ್ದರು, ಇಲ್ಲಿ ಮಾತು ಇವರದ್ದೇ ಆಗಿತ್ತು. ದನಿ ಚೆನ್ನಾಗಿದೆ ಅಂತ ಇದನ್ನೆಲ್ಲ ಸುಮ್ನೆ ಬಿಟ್ಟುಬಿಡಲು ನನ್ನಿಂದ ಆಗುವುದಿಲ್ಲ.

ಹಳೇರೀಲು:
ಮಂಜುಳಾ ಅವರೇ, ಆ ಸುಳ್ಳಿಗೆ ಅವರು ಪ್ರಾಣವನ್ನೇ ತೆರಬೇಕಾಗಿ ಬಂದಿತ್ತು. 1945ರಲ್ಲಿ ಜಪಾನ್ ಸೋತ ಮೇಲೆ ಶಾಂಘೈಯಲ್ಲಿ ದೇಶದ್ರೋಹದ ಆರೋಪ ಬಂತು. ಚೀನೀಯಳಾಗಿ ಶತ್ರುವಿಗೆ ಸಹಾಯ ಮಾಡಿದೆ, ಅಂದರೆ ಗಲ್ಲು ಅಥವಾ ಗುಂಡು. ಜಪಾನಿನವಳು ಅಂತ ಸಾಬೀತಾದರೆ ಮಾತ್ರ ಬಚಾವು. ಬಾಲ್ಯದ ಗೆಳತಿ, ರಷ್ಯನ್ ಯಹೂದಿ ಹುಡುಗಿ ಲ್ಯೂಬಾ, ಬೀಜಿಂಗ್‌ನಲ್ಲಿದ್ದ ಅಪ್ಪ ಅಮ್ಮನಿಂದ ಕುಟುಂಬದ ನೋಂದಣಿ ಪತ್ರ ಸಿಗುವಂತೆ ಮಾಡಿದಳು. ಅದು ಬಂದಿದ್ದು ಒಂದು ಜಪಾನಿ ಬೊಂಬೆಯೊಳಗೆ ಅಡಗಿಕೊಂಡು. 1946ರಲ್ಲಿ ಬಿಡುಗಡೆ ಮಾಡಿ ದೇಶ ಬಿಟ್ಟು ಕಳಿಸಿದರು.

ಆಮೇಲಿನದ್ದು ಬೇಗ ಹೇಳುತ್ತೇನೆ. 1950ರಲ್ಲಿ ಜಪಾನಿನ ನಿರ್ದೇಶಕ ಕುರೊಸಾವಾ ಸಿನಿಮಾದಲ್ಲಿ ನಟ ಮಿಫುನೆ ಜೊತೆ ಗಾಯಕಿಯ ಪಾತ್ರ. ಶರ್ಲಿ ಯಮಾಗುಚಿ ಅನ್ನುವ ಹೆಸರಲ್ಲಿ 1952ರಲ್ಲಿ ಹಾಲಿವುಡ್ ನಿರ್ದೇಶಕ ಕಿಂಗ್ ವಿಡೊರ್, 1955ರಲ್ಲಿ ಸ್ಯಾಮ್ಯುಯೆಲ್ ಫುಲ್ಲರ್ ಸಿನಿಮಾ. ಶಿಲ್ಪಿ ಇಸಾಮು ನೊಗುಚಿ ಜೊತೆ ಮದುವೆ, ವಿಚ್ಛೇದನ. 1958ರಲ್ಲಿ ಸಿನಿಮಾ ಬಿಟ್ಟರು. 1969ರಿಂದ ಟಿವಿ ನಿರೂಪಕಿ, ಪ್ಯಾಲೆಸ್ಟೀನ್ ಸಮಸ್ಯೆಯ ಬಗ್ಗೆ ಅಲ್ಲಿಗೇ ಹೋಗಿ ವರದಿ ಮಾಡಿದರು. 1974ರಿಂದ 18 ವರ್ಷ ಮೇಲ್ಮನೆ ಸದಸ್ಯೆ.

ನನಗೆ ಮುಖ್ಯ ಅನ್ನಿಸುವುದು 1987ರ ಆತ್ಮಕಥೆ. ಆ ಸಿನಿಮಾಗಳು ಪ್ರಚಾರದ ಸಾಧನ ಆಗಿದ್ದವು ಅಂತ ಸ್ವತಃ ಬರೆದರು, ಕ್ಷಮೆ ಕೇಳಿದರು. ಜಪಾನಿನ ಸೇನೆ ಲೈಂಗಿಕ ಗುಲಾಮರನ್ನಾಗಿ ಮಾಡಿದ ಹೆಂಗಸರಿಗಾಗಿ ಬಂದ ಏಷ್ಯನ್ ಮಹಿಳಾ ನಿಧಿಯ ಉಪಾಧ್ಯಕ್ಷೆಯೂ ಆದರು. ಆ ಕಾಲದ ಎಷ್ಟು ಜನ ಇಷ್ಟಾದರೂ ಮಾಡಿದರು?

ಮಂಜುಳಾ_ಕೆ:
ಆತ್ಮಕಥೆಯ ವಿಷಯ ಒಪ್ಪಿದೆ. ನಿಧಿಯ ಬಗ್ಗೆ ಒಂದು ಮಾತು. ಅದು ಸರ್ಕಾರದ ನೇರ ಪರಿಹಾರ ಅಲ್ಲ ಅಂತ ಕೊರಿಯಾದ ಅನೇಕ ಸಂತ್ರಸ್ತೆಯರು ಹಣ ಬೇಡ ಅಂದರು. ಅವರ ಸಿಟ್ಟಿಗೂ ಇಲ್ಲಿ ಜಾಗ ಇರಬೇಕು ಅಲ್ವಾ.

ರಾತ್ರಿರಾಗ:
ಎಲ್ಲರಿಗೂ ಥ್ಯಾಂಕ್ಸ್. ಸೋತ ಮೇಲೆ ಕ್ಷಮೆ ಕೇಳುವುದು ಸುಲಭ ಅಂದುಕೊಂಡೇ ಪ್ರಶ್ನೆ ಹಾಕಿದ್ದೆ. ಆದರೆ ಯಾರೂ ಬಲವಂತ ಮಾಡದೆ, 42 ವರ್ಷದ ಮೇಲೆ ಹಳೆಯದನ್ನೆಲ್ಲ ಎಳೆದು ತಂದು ಬರೆಯುವುದು ಬೇರೆಯೇ. ಮುಂದೆ ಯಾವುದು ಕೇಳಲಿ?

ಏಷ್ಯಾಸಿನಿಮಾ:
1943ರ ಅಫೀಮು ಯುದ್ಧದ ಸಿನಿಮಾದಲ್ಲಿ ಅವರು ಹಾಡಿದ ಮಿಠಾಯಿ ಮಾರುವ ಹುಡುಗಿಯ ಹಾಡು ಕೇಳಿ. ಜಪಾನಿನವರು ಅದಕ್ಕೆ ಒಪ್ಪಿಗೆ ಕೊಟ್ಟಿದ್ದು ಬ್ರಿಟಿಷರ ವಿರುದ್ಧದ ಕಥೆ ಅಂತ. ಚೀನಾದ ಜನ ಅದರಲ್ಲಿ ತಮ್ಮ ನೆಲಕ್ಕೆ ನುಗ್ಗಿದ ಯಾರನ್ನು ಬೇಕಾದರೂ ನೋಡಬಹುದಿತ್ತು, ಜಪಾನಿನವರನ್ನೂ. ಯಮಾಗುಚಿ ಚೀನಾದ ಜನರಿಗೆ ನಿಜವಾಗಿ ಹತ್ತಿರ ಆಗಿದ್ದು ಆ ಹಾಡಿನಿಂದಲೇ.