2004ರ ಯಾಂಕೀಸ್–ರೆಡ್ ಸಾಕ್ಸ್: ಬಾಸ್ಟನ್ ಗೆದ್ದಿದ್ದಾ, ನ್ಯೂಯಾರ್ಕ್ ಸೋತಿದ್ದಾ?

ಬಾಸ್ಟನ್ ಕನ್ನಡಿಗ: ಬೇಸ್‌ಬಾಲ್‌ನ ಅಮೆರಿಕನ್ ಲೀಗ್ ಫೈನಲ್‌ನಲ್ಲಿ, ನಾಲ್ಕು ಪಂದ್ಯ ಗೆದ್ದವರಿಗೆ ಸರಣಿ ಎಂಬಲ್ಲಿ, ಬಾಸ್ಟನ್‌ನ ರೆಡ್ ಸಾಕ್ಸ್ ನ್ಯೂಯಾರ್ಕ್‌ನ ಯಾಂಕೀಸ್ ಎದುರು 0–3 ಹಿಂದಿತ್ತು. ಮೂರನೇ ಪಂದ್ಯದಲ್ಲಿ 19–8ರ ಸೋಲು. ಆದರೂ ಸರಣಿ ಗೆದ್ದಿತು. ಅದಕ್ಕೂ ಮುಂಚೆ ಮೇಜರ್ ಲೀಗ್‌ನಲ್ಲಿ ಯಾರೂ ಹೀಗೆ ಗೆದ್ದಿರಲಿಲ್ಲ. ಎಲ್ಲ ತಿರುಗಿದ್ದು ನಾಲ್ಕನೇ ಪಂದ್ಯದ 9ನೇ ಇನಿಂಗ್ಸ್‌ನಲ್ಲಿ (ಸಾಮಾನ್ಯವಾಗಿ ಅದೇ ಕೊನೆಯದು), ನಮ್ಮ ಡೇವ್ ರಾಬರ್ಟ್ಸ್ ಎರಡನೇ ಬೇಸ್ ಕದ್ದಾಗ, ಅಂದರೆ ಬ್ಯಾಟರ್ ಹೊಡೆಯುವ ಮುಂಚೆಯೇ ಮುಂದಿನ ಬೇಸ್‌ಗೆ ಓಡಿದಾಗ. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ.

ಜರ್ಸಿ ಗೌಡ: ಜಾಗವೇ ಇಲ್ಲವಾ? ಬೇಸ್ ಕದ್ದರೆ ಸುಮ್ನೆ ರನ್ ಬರುವುದಿಲ್ಲ ಸ್ವಾಮಿ. ನಾವು ಯಾಂಕೀಸ್ 4–3 ಮುಂದಿದ್ದಾಗ ನಮ್ಮ ಪಿಚರ್ (ಚೆಂಡೆಸೆಯುವವರು) ರಿವೇರಾ ಮೊದಲ ಬ್ಯಾಟರ್‌ಗೇ ವಾಕ್ ಕೊಟ್ಟರು, ಅಂದರೆ ನಾಲ್ಕು ಕೆಟ್ಟ ಎಸೆತ ಹಾಕಿ ಮೊದಲ ಬೇಸ್ ಪುಕ್ಕಟೆ ಕೊಟ್ಟರು. ಕೈಯಲ್ಲಿದ್ದ ಸರಣಿಯನ್ನು ನಾವೇ ಬಿಟ್ಟುಕೊಟ್ಟೆವು.

ಮಂಜು ಮೈಸೂರು: ಬಿಟ್ಟುಕೊಟ್ಟಿರಾ? ಆರನೇ ಪಂದ್ಯದಲ್ಲಿ ನಿಮ್ಮ ಎ-ರಾಡ್ (ಅಲೆಕ್ಸ್ ರಾಡ್ರಿಗಸ್) ಓಡುತ್ತಾ, ಔಟ್ ಮಾಡಲು ಬಂದ ಬಾಸ್ಟನ್ ಪಿಚರ್ ಅರೋಯೋ ಕೈಯಿಂದ ಚೆಂಡನ್ನು ಹೊಡೆದು ಬೀಳಿಸಿದರಲ್ಲ, ಅದು ಬಿಟ್ಟುಕೊಡುವ ರೀತಿಯಾ? ಅದು ಮೋಸ.

ಜರ್ಸಿ ಗೌಡ: ಮೋಸ ಅನ್ನಬೇಡಿ. ಓಡುವಾಗ ಕೈ ಬೀಸುತ್ತದೆ. ಅಂಪೈರ್ ಮೊದಲು ಔಟ್ ಕೊಡಲಿಲ್ಲ. ನಮ್ಮ ಜೀಟರ್ ಹೋಮ್ ಮುಟ್ಟಿ ರನ್ ಗಳಿಸಿದ್ದರು. ಆಮೇಲೆ ಎಲ್ಲ ಸೇರಿ ತೀರ್ಪು ಬದಲಾಯಿಸಿದರು.

ಮಂಜು ಮೈಸೂರು: ಬದಲಾಯಿಸಿದ್ದು ಸರಿಯೇ! ಕ್ರಿಕೆಟ್‌ನಲ್ಲೂ ಬೇಕಂತಲೇ ಫೀಲ್ಡರ್‌ಗೆ ಅಡ್ಡಿ ಮಾಡಿದರೆ ಔಟ್.

ಜರ್ಸಿ ಗೌಡ: ಕ್ರಿಕೆಟ್ ಇಲ್ಲಿ ಯಾಕೆ? ಅದೇ ರಾತ್ರಿ ಬಾಸ್ಟನ್‌ನ ಬೆಲ್‌ಹಾರ್ನ್ ಹೊಡೆತವನ್ನು ಮೊದಲು ಡಬಲ್ (ಎರಡನೇ ಬೇಸ್‌ವರೆಗೆ ಮಾತ್ರ) ಅಂದರು, ಆಮೇಲೆ ಗೋಡೆ ದಾಟಿದ ಹೋಮ್ ರನ್ ಅಂದರು. 3 ರನ್. ಪಂದ್ಯ ಮುಗಿದಿದ್ದು 4–2. ಎರಡು ತೀರ್ಪು ಬದಲಾದವು, ಎರಡೂ ಬಾಸ್ಟನ್ ಪರ.

ಬಾಸ್ಟನ್ ಕನ್ನಡಿಗ: ಚೆಂಡು ಗೋಡೆ ದಾಟಿ ಪ್ರೇಕ್ಷಕರೊಬ್ಬರಿಗೆ ತಗುಲಿ ವಾಪಸ್ ಬಿತ್ತು. ಟಿವಿಯಲ್ಲಿ ಇಡೀ ದೇಶ ನೋಡಿದೆ.

ಜರ್ಸಿ ಗೌಡ: ಟಿವಿಯಲ್ಲಿ ನೋಡಿದ್ದು ನೀವು! ಅಂಪೈರ್‌ಗಳಿಗೆ ಆಗ ವಿಡಿಯೋ ರಿಪ್ಲೇ ಇರಲಿಲ್ಲ. ಅದು ಬಂದಿದ್ದು 2008ರಲ್ಲಿ. ಮತ್ತೆ ಯಾವುದನ್ನು ನೋಡಿ ಬದಲಾಯಿಸಿದರು?

ಸುಮಾ, ಧಾರವಾಡ: ಆರು ಜನ ಅಂಪೈರ್ ಇದ್ದರು, ಮಾತಾಡಿಕೊಂಡರು. ಅದಕ್ಕೇ ಅಲ್ವಾ ಅಷ್ಟು ಜನ ಇರುವುದು? ಆ ಆರನೇ ಪಂದ್ಯದ ಬಾಸ್ಟನ್ ಪಿಚರ್ ಶಿಲಿಂಗ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಕಣಕಾಲಿನ ಗಾಯದಿಂದ ಕಾಲುಚೀಲ ರಕ್ತವಾಗಿತ್ತು. 7 ಇನಿಂಗ್ಸ್ ಎಸೆದು ಕೊಟ್ಟಿದ್ದು ಬರೀ 1 ರನ್.

ಜರ್ಸಿ ಗೌಡ: ಗಾಯ ಅಂತ ಗೊತ್ತಿದ್ದೂ ನಮ್ಮವರು ಬಂಟ್ ಆಡಿ (ಚೆಂಡನ್ನು ಮೆಲ್ಲಗೆ ಹತ್ತಿರಕ್ಕೇ ತಟ್ಟಿ) ಅವರನ್ನು ಓಡಿಸಲಿಲ್ಲ. ನಾನು ಹೇಳಿದ್ದೂ ಅದೇ, ನಾವೇ ಸೋತೆವು.

ಬಾಸ್ಟನ್ ಕನ್ನಡಿಗ: ನೀವೇ ಸೋತಿರಾ? ಏಳನೇ ಪಂದ್ಯ ನಿಮ್ಮದೇ ಮೈದಾನದಲ್ಲಿ 10–3. ನಮ್ಮ ಡೇಮನ್ ಗ್ರಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ 4 ರನ್) ಹೊಡೆದರು. ಅದನ್ನು ಯಾವ ಅಂಪೈರ್ ಕೊಟ್ಟ?

ಜರ್ಸಿ ಗೌಡ: ಆರನೇದರಲ್ಲಿ ಆ ತೀರ್ಪು ಬದಲಾಗದಿದ್ದರೆ ಏಳನೇ ಪಂದ್ಯ ಎಲ್ಲಿತ್ತು?

ಮಂಜು ಮೈಸೂರು: ಮೊದಲು ಎ-ರಾಡ್ ಕೈ ಬೀಸಿದ್ದಕ್ಕೆ ಉತ್ತರ ಕೊಡಿ.