ಋಷಿಮೂಲ, ನದೀಮೂಲ ಮತ್ತು ಚಿಕ್ಕಪ್ಪನ ಫಾರ್ವರ್ಡ್

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಲವತ್ತು ಜನ ಇದ್ದೇವೆ. ಅರ್ಧ ಮೈಸೂರು, ಉಳಿದವರು ಮಂಡ್ಯ ಕಡೆಯ ಊರಲ್ಲಿ. ಭಾನುವಾರ ಬೆಳಿಗ್ಗೆ ಕುವೆಂಪುನಗರದ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕಿದರು. ದೊಡ್ಡ ಇಲಾಖೆಗಳು ಯಾವ ಮಂತ್ರಿಯ ಕೈಗೂ ಸಿಗುವುದಿಲ್ಲವಂತೆ, ಮಂತ್ರಿಗೆ ಒಬ್ಬ ಗುಮಾಸ್ತನನ್ನೂ ಮನೆಗೆ ಕಳಿಸುವ ಅಧಿಕಾರ ಇಲ್ಲವಂತೆ, ಓದಿ ಹತ್ತು ಜನಕ್ಕೆ ಹಂಚಬೇಕಂತೆ. ಕೆಳಗೆ ಚಿಕ್ಕಪ್ಪನ ಸ್ವಂತ ಸಾಲು: ನಾನು ಯಾವತ್ತಿಂದ ಹೇಳ್ತಾ ಇದೀನಿ? ಅವರು ಪೂರ್ತಿ ಓದಿರಲಿಲ್ಲ ಅನ್ನೋದು ಗ್ಯಾರಂಟಿ, ಯಾಕೆಂದರೆ ಕೊನೆಯಲ್ಲಿ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತೂ ಇತ್ತು.

ತಂಗಿ: ಮೂಲ ಎಲ್ಲಿ ಚಿಕ್ಕಪ್ಪ? ಯಾರು ಬರೆದದ್ದು?

ಚಿಕ್ಕಪ್ಪ: ಋಷಿಮೂಲ ನದೀಮೂಲ ಹುಡುಕಬಾರದು ಮಗಳೇ.

ತಂಗಿ: ಋಷಿ ಬರೆದ ಹಾಗೆ ಕಾಣ್ತಿಲ್ಲ, ಎಣ್ಣೆ ಮಾರುವವನು ಬರೆದಿದ್ದಾನೆ.

ಭಾವ ಬೆಂಗಳೂರಲ್ಲಿ ಸರ್ಕಾರಿ ನೌಕರಿಯಲ್ಲಿದ್ದಾರೆ. ಗುಂಪಿನಲ್ಲಿ ಹೆಬ್ಬೆರಳು ಎತ್ತುವುದು ಬಿಟ್ಟರೆ ಮಾತೇ ಇಲ್ಲ. ಅವತ್ತು ಯಾಕೋ ತಡೆಯಲಾಗಲಿಲ್ಲ, ಉದ್ದಕ್ಕೆ ಬರೆದರು.

ಭಾವ: ಮಾವ, ಅರ್ಧ ನಿಜ. ವಜಾ ಮಾಡಬೇಕಾದರೆ ಸಂವಿಧಾನದ 311ನೇ ವಿಧಿ ಅಡ್ಡ ಬರುತ್ತದೆ. ಆರೋಪ ಪಟ್ಟಿ ಕೊಡಬೇಕು, ವಿಚಾರಣೆ ಮಾಡಬೇಕು, ಅವನ ಮಾತೂ ಕೇಳಬೇಕು. ಅದು ಇರಲೇಬೇಕು, ಇಲ್ಲದಿದ್ದರೆ ಮಂತ್ರಿ ಬದಲಾದಾಗಲೆಲ್ಲ ನಾವೂ ಗಂಟುಮೂಟೆ ಕಟ್ಟಬೇಕಾಗುತ್ತದೆ. ನಿಜವಾದ ತೊಂದರೆ ಬೇರೆ. ಅರ್ಜಿ ಮೇಲೆ ಮಂತ್ರಿಗಳು "ಪರಿಶೀಲಿಸಿ ಮಂಡಿಸಿ" ಅಂತ ಬರೆಯುತ್ತಾರೆ. ಕಾರ್ಯದರ್ಶಿ ಅದನ್ನೇ ಬರೆದು ಕೆಳಗೆ ಕಳಿಸುತ್ತಾರೆ. ಉಪ ಕಾರ್ಯದರ್ಶಿ, ಅಧೀನ ಕಾರ್ಯದರ್ಶಿ, ಶಾಖಾಧಿಕಾರಿ ಅಂತ ಇಳಿದು ಇಳಿದು ನನ್ನಂಥವನ ಟೇಬಲ್ಲಿಗೆ ಬರುತ್ತದೆ. ಮೊದಲ ಟಿಪ್ಪಣಿ ನನ್ನದು. ನಾನು ಯಾವ ನಿಯಮ ತೋರಿಸುತ್ತೇನೋ ಆ ದಾರಿಯಲ್ಲೇ ಫೈಲು ಮೇಲೆ ಹತ್ತುತ್ತದೆ. ದುಡ್ಡಿನ ವಿಷಯವಾದರೆ ಆರ್ಥಿಕ ಇಲಾಖೆಯಲ್ಲಿ ಇನ್ನೊಂದು ಸುತ್ತು. ಅದು ವಾಪಸ್ ಬರುವ ಹೊತ್ತಿಗೆ ಕಾರ್ಯದರ್ಶಿಗೆ ವರ್ಗ ಆಗಿರುತ್ತದೆ.

ಇಷ್ಟನ್ನು ಓದಿದವರು ನಾನು ಮತ್ತು ತಂಗಿ ಇಬ್ಬರೇ ಇರಬೇಕು. ಅವಳು ಒಂದು ಸಾಲು ಸೇರಿಸಿದಳು: 2003ರ 91ನೇ ತಿದ್ದುಪಡಿ ಪ್ರಕಾರ ಮಂತ್ರಿಗಳು ಶಾಸಕರ ಸಂಖ್ಯೆಯ ಶೇ 15 ಮೀರುವ ಹಾಗಿಲ್ಲ, ನಮ್ಮ 224ಕ್ಕೆ ಮುಖ್ಯಮಂತ್ರಿ ಸೇರಿ 34, ಹಾಗಾಗಿ ಒಬ್ಬೊಬ್ಬರ ತಲೆ ಮೇಲೆ ಎರಡು ಮೂರು ಇಲಾಖೆ. ಅದಕ್ಕೆ ಉತ್ತರವಾಗಿ ಯಾರೋ ಸುಪ್ರಭಾತದ ಗುಲಾಬಿ ಹಾಕಿದರು.

ಊರಿಂದ ಅತ್ತೆ: ಅಪ್ಪ ಇದ್ದಾಗ ಹಿಂಗಿರಲಿಲ್ಲ ಕಣ್ರೋ. ನೀರುಗಂಟಿಗೆ ಒಂದು ಕೂಗು ಹಾಕಿದರೆ ಗದ್ದೆಗೆ ನೀರು. ಈಗ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಯ್ತು ಅಂತ ಮಂತ್ರಿ ಟೀವಿಯಲ್ಲಿ ಹೇಳ್ತಾರೆ, ನಮ್ಮ ಕೊನೇ ಭಾಗಕ್ಕೆ ಬರೋದು ನಾಲೆಯ ನೀರು ಬಿಡೋ ಸೌಡಿ ತೂಬು ಎತ್ತಿದಾಗಲೇ. ಆಗ ಅಮ್ಮ ಮಾಡ್ತಿದ್ದ ಹುಗ್ಗಿ ನೆನಪಿದೆಯಾ?

ಮಂತ್ರಿಯ ಪಾಡು ಪೂರ್ತಿ ಅದರಲ್ಲೇ ಇತ್ತು ನೋಡಿ. ತಮಿಳುನಾಡಿಗೆ ಎಷ್ಟು ಬಿಡಬೇಕು ಅಂತ ಹೇಳಲು 2018ರಿಂದ ಮೇಲೆ ಕಾವೇರಿ ಪ್ರಾಧಿಕಾರ ಇದೆ. ಕೆಳಗೆ ಸೌಡಿ ಇದ್ದಾನೆ. ನಡುವೆ ಮುಖ್ಯ ಎಂಜಿನಿಯರಿಂದ ಹಿಡಿದು ಸಹಾಯಕ ಎಂಜಿನಿಯರ್ ತನಕ ಐದು ಮೆಟ್ಟಿಲು. ಆದರೆ ಮುಂದಿನ ಹನ್ನೊಂದು ಮೆಸೇಜೂ ಹುಗ್ಗಿಯ ಮೇಲೆ.

ದೊಡ್ಡಪ್ಪ ಸಂಧ್ಯಾವಂದನೆಯ ಹಾಗೆ ಹೊತ್ತಿಗೆ ಸರಿಯಾಗಿ ಬಂದರು: ಸರ್ಕಾರದ ಕೆಲಸ ದೇವರ ಕೆಲಸ. ವಿಧಾನಸೌಧದ ಮೇಲೆ ಸುಮ್ನೆ ಕೆತ್ತಿಸಿದ್ದಲ್ಲ. ನಿಯತ್ತಿದ್ದರೆ ಎಲ್ಲ ನಡೆಯುತ್ತೆ.

ತಂಗಿ: ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ದೊಡ್ಡಪ್ಪ.

ಚಿಕ್ಕಪ್ಪ: ಪೂಜಾರಿ ಗುಂಪಿನಲ್ಲೇ ಇದ್ದಾರೆ. ತೀರಿಕೊಂಡ ಅಪ್ಪನ ಜಮೀನು ನಮ್ಮ ಹೆಸರಿಗಾಗೋ ಪೌತಿ ಖಾತೆಗೆ ಒಂದು ಫೋನ್ ಮಾಡಿ ಅಳಿಯಂದಿರೇ ಅಂದರೆ ನಮ್ಮ ಇಲಾಖೆ ಅಲ್ಲ ಅಂದರು.

ಭಾವ: ಅದು ಕಂದಾಯ ಇಲಾಖೆ ಮಾವ. ನಿಜವಾಗಲೂ ನಮ್ಮದಲ್ಲ.

ಅಲ್ಲಿಗೆ ಅಕ್ಕ ಇಳಿದಳು. ಅಕ್ಕ ಇಳಿದರೆ ಮುಗೀತು.

ಅಕ್ಕ: ನಮ್ಮನೆಯವರನ್ನ ಯಾಕೆ ಎಳೀತೀರಾ? ಪೌತಿ ಖಾತೆ ನಿಂತಿರೋದು ಯಾವ ಮಂತ್ರಿಯಿಂದಲೂ ಅಲ್ಲ, ವಂಶವೃಕ್ಷಕ್ಕೆ ಒಬ್ಬರು ಆಧಾರ್ ಜೆರಾಕ್ಸ್ ಕೊಡದೆ. ಅವರು ಯಾರು ಅಂತ ಹೇಳಲಾ?

ಎರಡು ನಿಮಿಷ ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸಿತು. ಏನೂ ಬರಲಿಲ್ಲ. ಮತ್ತೆ ತೋರಿಸಿತು.

ಚಿಕ್ಕಪ್ಪ: ಊರಲ್ಲಿರೋ ನಮ್ಮಕ್ಕ ಕೊಟ್ಟಿದ್ದಾಳಾ ಮೊದಲು ಕೇಳಿ.

ಅತ್ತೆ: ನಾನು ಯುಗಾದಿಗೇ ಕೊಟ್ಟೆ. ದೊಡ್ಡಣ್ಣನ ಹತ್ರ ಇದೆ.

ದೊಡ್ಡಪ್ಪ: ನನ್ನ ಹತ್ತಿರ ಯಾವ ಕಾಗದವೂ ಇಲ್ಲ.

ತಂಗಿ: ಪರಿಶೀಲಿಸಿ ಮಂಡಿಸಿ.

ಭಾವ ಹೆಬ್ಬೆರಳು ಎತ್ತಿದರು.