ಅಮ್ಮನ ಮೊಣಕಾಲು, ತಮ್ಮನ ವೀಲ್‌ಚೇರ್, ಆರು ವರ್ಷದ ಮಗಳು: ಕುಮಟಾ–ಹೊನ್ನಾವರ ಕಡೆ ಎಲ್ಲರೂ ಒಟ್ಟಿಗೆ ಸುತ್ತಾಡುವ ಜಾಗ ಇದೆಯಾ?

ಸುಮಾ_ಮಲ್ಲೇಶ್ವರ

ನಮಸ್ಕಾರ. ಸಂಕ್ರಾಂತಿ ರಜೆಗೆ ಐದು ಜನ ಉತ್ತರ ಕನ್ನಡಕ್ಕೆ ಬರಬೇಕು ಅಂತಿದ್ದೇವೆ. ಅಮ್ಮನಿಗೆ 71, ಒಂದು ಮೊಣಕಾಲು ಬದಲಿಸಿದ್ದಾರೆ. ಸಮತಟ್ಟು ಜಾಗದಲ್ಲಿ ಅರ್ಧ ಗಂಟೆ ಆರಾಮಾಗಿ ನಡೀತಾರೆ, ಮೆಟ್ಟಿಲು ಕಂಡರೆ ಮುಖ ಸಣ್ಣಗಾಗುತ್ತೆ. ತಮ್ಮ ಬೆನ್ನುಹುರಿಗೆ ಪೆಟ್ಟಾದ ಮೇಲೆ ವೀಲ್‌ಚೇರಿನಲ್ಲೇ ಓಡಾಡುವುದು. ಮಗಳು ಒಂದು ಕಡೆ ನಿಲ್ಲುವವಳಲ್ಲ. ಗುಡ್ಡವೂ ಬೇಕು, ಸಮುದ್ರವೂ ಬೇಕು. ಇಂಟರ್‌ನೆಟ್ಟಿನಲ್ಲಿ ಎಲ್ಲ ಜಾಗಕ್ಕೂ "ಈಸಿ ಟ್ರೆಕ್" ಅಂತಲೇ ಬರೆದಿದ್ದಾರೆ. ಯಾರ ಕಾಲಿಗೆ ಈಸಿ ಅಂತ ಮಾತ್ರ ಹೇಳಿಲ್ಲ. ಹೋಗಿ ಬಂದವರು, ಅಲ್ಲಿಯವರು ದಯವಿಟ್ಟು ತಿಳಿಸಿ.

ಘಾಟಿಗಿರಿ

ಯಾಣ ಬಿಡಬೇಡಿ ಮೇಡಂ! ಪಾರ್ಕಿಂಗಿನಿಂದ ಕಾಡೊಳಗೆ ಚೆಂದದ ದಾರಿ, ಕೊನೆಗೆ ಸ್ವಲ್ಪ ಮೆಟ್ಟಿಲು ಅಷ್ಟೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಬುಡದಲ್ಲಿ ನಿಂತು ತಲೆ ಎತ್ತಿದರೆ ಟೋಪಿ ಬೀಳುತ್ತೆ. ಗೋಕರ್ಣದ ಓಂ ಬೀಚಿನಿಂದ ಪ್ಯಾರಡೈಸ್ ಬೀಚಿಗೆ ನಡೆದು ಹೋಗುವುದೂ ಮಸ್ತ್.

ಕೋಲೂರಿದ_ಕುಮಟಾದವ

ಸುಮಾ ಅವರೇ, ಮೇಲಿನವರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ನಮ್ಮ ಕಡೆ ಗಾದೆಯೇ ಇದೆ: ರೊಕ್ಕ ಇದ್ದವ ಗೋಕರ್ಣಕ್ಕೆ, ಸೊಕ್ಕು ಇದ್ದವ ಯಾಣಕ್ಕೆ. ಈಗ ರಸ್ತೆ ಆಗಿದೆ, ಮೊದಲಿನಷ್ಟು ಸೊಕ್ಕು ಬೇಡ. ಆದರೂ ಆ "ಸ್ವಲ್ಪ ಮೆಟ್ಟಿಲು" ನಿಮ್ಮ ಅಮ್ಮನಿಗೆ ಸ್ವಲ್ಪ ಅಲ್ಲ, ನಿಮ್ಮ ತಮ್ಮನಿಗೆ ದಾರಿಯೇ ಅಲ್ಲ. ಓಂ ಬೀಚಿಗೆ ಕಾರು ನಿಲ್ಲಿಸಿದಲ್ಲಿಂದಲೇ ಮೆಟ್ಟಿಲಿಳಿಯಬೇಕು. ಅಲ್ಲಿಂದ ಪ್ಯಾರಡೈಸ್ ಕಡೆಯದು ಬಂಡೆ ಹತ್ತಿ ಇಳಿಯುವ ದಾರಿ.

ನನಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎಡಗಾಲಿಗೆ ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ), ಕೈಯಲ್ಲಿ ಕೋಲು. ಶಾಲೆಯ ಪ್ರವಾಸದಲ್ಲಿ, ಆಮೇಲೆ ಗೆಳೆಯರ ಮದುವೆಯ ದಿಬ್ಬಣದಲ್ಲಿ, ಎಲ್ಲ ಕಡೆ "ನೀ ಕಾರಲ್ಲೇ ಕೂತಿರು, ಹತ್ತೇ ನಿಮಿಷ, ಬಂದ್ವಿ" ಅನ್ನಿಸಿಕೊಂಡು ಬ್ಯಾಗು ಕಾದವ. ಆ ಹತ್ತು ನಿಮಿಷ ಯಾವತ್ತೂ ಹತ್ತು ನಿಮಿಷ ಆಗಿದ್ದಿಲ್ಲ. ಹಾಗಾಗಿ ಯಾರೂ ಕಾರಲ್ಲಿ ಉಳಿಯಬೇಕಿಲ್ಲದ ಜಾಗ ಮಾತ್ರ ಹೇಳುತ್ತೇನೆ. ಪಟ್ಟಿ ಸಣ್ಣದಾಗುತ್ತದೆ, ಆಗಲಿ.

ಮೊದಲು ಹೊನ್ನಾವರ. ಶರಾವತಿ ಸೇತುವೆ ದಾಟಿದರೆ ಕಾಸರಕೋಡ. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ವನದ ಒಳಗೆ ಅರಣ್ಯ ಇಲಾಖೆಯವರು ಮರದ ಹಲಗೆಯ ನಡೆದಾರಿ ಮಾಡಿದ್ದಾರೆ. ಹಿನ್ನೀರಿನ ಮೇಲೆ ಕಂಬ ನೆಟ್ಟು ಎತ್ತರಿಸಿದ ದಾರಿ, ಎರಡೂ ಬದಿಗೆ ಕೈಹಿಡಿ. ಅಮ್ಮ ಬೇಕಾದಲ್ಲಿ ಕೈಹಿಡಿಗೆ ಒರಗಿ ನಿಲ್ಲಬಹುದು. ಸಮುದ್ರದ ಇಳಿತದ ಹೊತ್ತಿಗೆ ಹೋದರೆ ಮಗಳು ಒಂದೇ ಕಡೆ ನಿಲ್ಲುತ್ತಾಳೆ, ಬರೆದುಕೊಡುತ್ತೇನೆ. ಕೆಸರಿನಿಂದ ಪೆನ್ಸಿಲ್ ಉದ್ದದ ಉಸಿರುಬೇರುಗಳು ಸಾವಿರಗಟ್ಟಲೆ ಮೇಲೆದ್ದಿರುತ್ತವೆ, ಅವುಗಳ ನಡುವೆ ಒಂದೇ ದೊಡ್ಡ ಕೊಂಬಿನ ಏಡಿಗಳು ಅದನ್ನೇ ಬೀಸಿ ಬೀಸಿ ಜಗಳ ಆಡುತ್ತಿರುತ್ತವೆ. ಕೆಸರಲ್ಲೇ ಕುಪ್ಪಳಿಸುವ ಪುಟ್ಟ ಮೀನುಗಳೂ ಇವೆ. ಭರತ ಬಂದರೆ ಇದೆಲ್ಲ ನೀರಿನಡಿ, ಆಗ ಬರೀ ಹಸಿರು. ಒಂದು ಎಚ್ಚರ: ಹಲಗೆಗಳ ನಡುವೆ ಸಂದಿ ಇದೆ. ನನ್ನ ಕೋಲಿನ ತುದಿಯ ರಬ್ಬರು ಅಲ್ಲಿ ಸಿಕ್ಕಿಕೊಳ್ಳುತ್ತದೆ, ವೀಲ್‌ಚೇರಿನ ಮುಂದಿನ ಸಣ್ಣ ಗಾಲಿಯೂ ಸಿಕ್ಕಿಕೊಳ್ಳಬಹುದು. ಮುಂದಿನ ಗಾಲಿ ತುಸು ಎತ್ತಿ ಹಿಂದಿನದರ ಮೇಲೆ ತಳ್ಳಿದರೆ ಸಲೀಸು. ಮಳೆಗಾಲ ಕಳೆದ ಮೇಲೆ ಅಲ್ಲೊಂದು ಇಲ್ಲೊಂದು ಹಲಗೆ ಸಡಿಲಾಗಿರುವುದುಂಟು. ಗೇಟಿನಲ್ಲಿ ಟಿಕೆಟ್ ಕೊಡುವವರನ್ನು ಕೇಳಿಯೇ ಒಳಗೆ ಹೋಗಿ.

ಸಮುದ್ರಕ್ಕೆ ಅಲ್ಲೇ ಹತ್ತಿರದ ಕಾಸರಕೋಡ ಇಕೋ ಬೀಚ್. 2020ರಲ್ಲಿ ನಮ್ಮ ರಾಜ್ಯದ ಎರಡು ಕಡಲತೀರಗಳಿಗೆ, ಸ್ವಚ್ಛ, ಸುರಕ್ಷಿತ ತೀರಕ್ಕೆ ಕೊಡುವ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿತಲ್ಲ, ಅದರಲ್ಲೊಂದು. ಇನ್ನೊಂದು ಪಡುಬಿದ್ರಿ. ಗಾಳಿಮರದ ನೆರಳು, ಕೂರಲು ಕಲ್ಲುಬೆಂಚು, ಹಾಸಿದ ದಾರಿ, ಶೌಚಾಲಯ. ಮರಳಿಗೆ ಇಳಿಯುವಾಗ ಮಾತ್ರ ಒಂದು ವಿದ್ಯೆ ಬೇಕು: ವೀಲ್‌ಚೇರನ್ನು ಮುಂದಕ್ಕೆ ತಳ್ಳಬೇಡಿ, ಹಿಂದುಮುಂದಾಗಿ ಎಳೆಯಿರಿ. ಮುಂದಕ್ಕೆ ತಳ್ಳಿದರೆ ಸಣ್ಣ ಗಾಲಿ ಒಣಮರಳಲ್ಲಿ ಹೂತು ನಿಮ್ಮ ತಮ್ಮ ಮೂಗಿನ ಮೇಲೆ ಬೀಳುತ್ತಾರೆ. ನೀರು ಸರಿದ ಜಾಗದ ಹಸಿಮರಳು ಸಿಮೆಂಟಿನ ಅಂಗಳದಷ್ಟು ಗಟ್ಟಿ, ಅಲ್ಲಿಗೆ ಮುಟ್ಟಿದರೆ ಆಮೇಲೆ ಅವರೇ ಓಡಿಸಿಕೊಂಡು ಹೋಗಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನಮ್ಮ ಕಡೆ ಇಳಿತ ಸಾಮಾನ್ಯವಾಗಿ ಸಂಜೆ ಹೊತ್ತಿಗೆ ಬೀಳುತ್ತದೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ರಜೆಯ ದಿನ ಗೊತ್ತುಮಾಡುವಾಗ ಪಂಚಾಂಗವನ್ನೂ ನೋಡಿ, ಸಂಜೆಯ ಗಟ್ಟಿ ಮರಳು ಸಿಗುತ್ತದೆ.

ಗುಡ್ಡ ಬೇಕು ಅಂದಿರಿ. ಅಪ್ಸರಕೊಂಡ, ಹೊನ್ನಾವರದಿಂದ ಸುಮಾರು 8 ಕಿ.ಮೀ. ಜಲಪಾತದ ಬುಡಕ್ಕೆ ಮೆಟ್ಟಿಲು, ಅದನ್ನು ಮರೆತುಬಿಡಿ. ಜನವರಿಯಲ್ಲಿ ನೀರೂ ತೀರಾ ಕಮ್ಮಿ. ಗುಡ್ಡದ ಮೇಲಿನ ಉದ್ಯಾನವನಕ್ಕೆ ಹೋಗಿ. ಏರು ಇದೆ, ಹಿಂದಿನಿಂದ ಗಟ್ಟಿ ಕೈಯೊಂದು ಬೇಕು. ಮೇಲಿನಿಂದ ಪಡುವಣಕ್ಕೆ ಸಮುದ್ರ, ಕೆಳಗೆ ತೆಂಗಿನ ತೋಟ, ಮೂಡಣಕ್ಕೆ ತಿರುಗಿದರೆ ಘಟ್ಟದ ಸಾಲು. ನೀವು ಕೇಳಿದ ಎರಡೂ ಒಂದೇ ಕಡೆ.

ಮಿರ್ಜಾನ ಕೋಟೆ ಎಲ್ಲರೂ ಹೇಳುತ್ತಾರೆ. ಕರಿಮೆಣಸಿನ ರಾಣಿ ಚೆನ್ನಭೈರಾದೇವಿಯ ಕೋಟೆ, ಚಿರೆಕಲ್ಲಿನದು, ಹೆದ್ದಾರಿಯಿಂದ ಸ್ವಲ್ಪವೇ ಒಳಗೆ. ಹೆಬ್ಬಾಗಿಲಿನ ಮೆಟ್ಟಿಲು ಎತ್ತರ. ಹೊರಗಿನ ಹುಲ್ಲುಹಾಸಿನಿಂದ ಗೋಡೆ, ಬುರುಜು ನೋಡಿಕೊಂಡು ಬರಬಹುದು. ಅಷ್ಟಕ್ಕೆ ತೃಪ್ತಿ ಅನ್ನುವುದಾದರೆ ಹೋಗಿ, ಇಲ್ಲದಿದ್ದರೆ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟ ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಒಡ್ಡುಗಳು, ಮಾಣಿಕಟ್ಟಾ ಕಡೆ. ಒಂದು ಬದಿ ಉಪ್ಪುನೀರು, ಇನ್ನೊಂದು ಬದಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವ ಗದ್ದೆ. ಜನವರಿಗೆ ಕೊಯ್ಲಾಗಿ ಗದ್ದೆಗೆ ನೀರು ನುಗ್ಗಿರುತ್ತದೆ, ಸಿಗಡಿ, ಮೀನು, ಬೆಳ್ಳಕ್ಕಿ ಸಾಲು. ಈ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಒಡ್ಡಿನ ಮೇಲೆ ಏರಿಲ್ಲ ಇಳಿಜಾರಿಲ್ಲ, ಆದರೆ ಅಗಲ ಕಮ್ಮಿ, ಕಲ್ಲು ಎದ್ದಿರುತ್ತದೆ. ವೀಲ್‌ಚೇರಿಗೆ ಆಗದು. ಹಾಗಾಗಿ ನಿಮ್ಮ ಪಟ್ಟಿಗೆ ಸೇರಿಸುತ್ತಿಲ್ಲ, ಹೊಟ್ಟೆಯೊಳಗೆ ಇಟ್ಟುಕೊಳ್ಳಲಾಗದೆ ಹೇಳಿದೆ.

ಕುಂದಾಪುರದಾಕೆ

ನಮ್ಮ ಬದಿಗೂ ಬನ್ನಿ ಮಾರಾಯ್ರೆ. ಬೈಂದೂರಿನ ಒತ್ತಿನೆಣೆ ಗುಡ್ಡ ಹೆದ್ದಾರಿಗೆ ತಾಗಿದ ಹಾಗೇ ಇದೆ. ಮೇಲಿನಿಂದ ಸುಮನಾ ಹೊಳೆ ಸಮುದ್ರ ಸೇರುವುದು ಕಾಣ್ತದೆ. ಮರವಂತೆಯಲ್ಲಿ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಸಮುದ್ರ. ಆದರೆ ತಡೆಗೋಡೆಯ ಬಂಡೆ ದಾಟಿ ಮರಳಿಗೆ ಇಳಿಯುವುದು ಕಷ್ಟ, ಲಾರಿಗಳ ಭರಾಟೆ ಬೇರೆ. ಕಾರಿನ ಕಿಟಕಿಯಿಂದ ನೋಡುವ ಚೆಂದ ಅದು.

ಸುಮಾ_ಮಲ್ಲೇಶ್ವರ

ಕುಮಟಾದ ಅಣ್ಣಾ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಇನ್ನೆರಡು ಪ್ರಶ್ನೆ. ರೈಲಿನಲ್ಲಿ ಬರುವುದೋ ಕಾರಲ್ಲೋ? ಉಳಿಯುವ ಜಾಗ ಹೇಗೆ ಆರಿಸುವುದು? ಫೋನ್ ಮಾಡಿದವರೆಲ್ಲ "ಏನೂ ತೊಂದರೆ ಇಲ್ಲ, ಬನ್ನಿ" ಅಂತಾರೆ.

ಕೋಲೂರಿದ_ಕುಮಟಾದವ

ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟರೆ ಬೆಳಿಗ್ಗೆ ಇಲ್ಲಿ. ಆದರೆ ನಮ್ಮಂಥ ಸಣ್ಣ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವುದೇ ಒಂದೆರಡು ನಿಮಿಷ. ಅಷ್ಟರಲ್ಲಿ ಅಮ್ಮ, ಮಗು, ಸಾಮಾನು, ವೀಲ್‌ಚೇರ್ ಎಲ್ಲ ಇಳಿಯಬೇಕು. ಇಳಿಸಿಕೊಳ್ಳಲು ಇಲ್ಲಿ ಯಾರಾದರೂ ಇದ್ದರೆ ರೈಲು, ಇಲ್ಲದಿದ್ದರೆ ಕಾರು.

ಉಳಿಯುವ ಜಾಗಕ್ಕೆ "ಅನುಕೂಲ ಇದೆಯಾ" ಅಂತ ಕೇಳಬೇಡಿ, ಇದೆ ಅಂತಲೇ ಹೇಳುತ್ತಾರೆ. ಬಚ್ಚಲ ಬಾಗಿಲಿಗೆ ಅಳತೆ ಟೇಪು ಹಿಡಿದು ವಾಟ್ಸಾಪಿನಲ್ಲಿ ಫೋಟೊ ಕಳಿಸಿ ಅನ್ನಿ. ತಮ್ಮನ ವೀಲ್‌ಚೇರಿನ ಅಗಲ ನೀವು ಮೊದಲೇ ಅಳೆದಿಟ್ಟುಕೊಳ್ಳಿ. ಕೋಣೆಯ ಬಾಗಿಲು ದೊಡ್ಡದಿದ್ದರೂ ಬಚ್ಚಲದ್ದು ಕಿರಿದಾಗಿರುವುದೇ ಹೆಚ್ಚು. ರ‍್ಯಾಂಪಿನ ಫೋಟೊವನ್ನೂ ತರಿಸಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು ಅನ್ನುವುದು ಲೆಕ್ಕ. ಒಂದು ಕಡೆ ನನಗೆ ರ‍್ಯಾಂಪ್ ಇದೆ ಅಂತ ಕರೆಸಿಕೊಂಡು ತೋರಿಸಿದ್ದು ಬೈಕು ಹತ್ತಿಸುವ ಇಳಿಜಾರು, ನಡುವೆ ಬೆರಳಗಲದ ಗೆರೆ ಕೊರೆದದ್ದು. ಮಾಲೀಕರು ಪಾಪ, ಹೆಮ್ಮೆಯಿಂದ ತೋರಿಸಿದರು!

ಬಿಸಿಲಿಗೆ ಮೊದಲು, ಹತ್ತು ಗಂಟೆಯೊಳಗೆ ಕಾಂಡ್ಲಾ. ಮಧ್ಯಾಹ್ನ ನಿದ್ದೆ. ಸಂಜೆ ಸಮುದ್ರ. ಜನವರಿಯಲ್ಲಿ ಇಂಬಳದ (ಜಿಗಣೆಯ) ಕಾಟ ಇಲ್ಲ, ಅದೊಂದು ನಿಶ್ಚಿಂತೆ.

ಸುಮಾನ_ತಮ್ಮ

ಅಕ್ಕ ಲಿಂಕ್ ಕಳಿಸಿದ್ದಳು, ಅದಕ್ಕೇ ಖಾತೆ ತೆರೆದೆ. ಹಿಂದುಮುಂದಾಗಿ ಎಳೆಯುವ ವಿದ್ಯೆ ಮನೆಯ ಮುಂದಿನ ಜಲ್ಲಿ ರಾಶಿಯ ಮೇಲೆ ಮಾಡಿ ನೋಡಿದೆವು, ಸರಿ ಇದೆ. ಎಲ್ಲರೂ ನನ್ನ ಗಾಲಿಯ ಬಗ್ಗೆಯೇ ಮಾತಾಡಿದ್ದೀರಿ, ಹೊಟ್ಟೆಯ ಬಗ್ಗೆ ಯಾರೂ ಹೇಳಲಿಲ್ಲ. ಹೊನ್ನಾವರದಲ್ಲಿ ಮೆಟ್ಟಿಲಿಲ್ಲದ ಮೀನೂಟದ ಖಾನಾವಳಿ ಇದೆಯಾ ಸಾರ್?

ಕೋಲೂರಿದ_ಕುಮಟಾದವ

ಇದೆ, ಹೊಸ್ತಿಲು ಮಾತ್ರ ದಾಟಬೇಕು. ಭಾನುವಾರ ಒಂದು ಗಂಟೆ ಮೀರಿದರೆ ಇಸವಾಣ ಮೀನು ಖಾಲಿ, ಹನ್ನೆರಡೂವರೆಗೇ ಕೂತುಬಿಡಿ. ಅಮ್ಮ ಸಸ್ಯಾಹಾರವೋ ಹೇಗೆ? ಹೇಳಿ, ಅದಕ್ಕೆ ತಕ್ಕ ಜಾಗದ ಹೆಸರು ಮೆಸೇಜು ಮಾಡುತ್ತೇನೆ.